ಅಥೆನ್ಸಲ್ಲಿ ಅಧಿಕಾರಿಗಳನ್ನ ಲಾಟರಿ ಎತ್ತಿ ಆರಿಸ್ತಿದ್ರಂತೆ, ನಿಜಾನಾ? ಹಂಗಾದ್ರೆ ಊರು ನಡೀತಿದ್ದಿದ್ದು ಹೆಂಗೆ?

ಮಸಿಕುಡಿಕೆ:

ಎಲ್ರಿಗೂ ನಮಸ್ಕಾರ. ಗ್ರೀಕರ ಬಗ್ಗೆ ನಂಗೆ ಗೊತ್ತಿರೋದು ಸ್ಕೂಲಲ್ಲಿ ಬಾಯಿಪಾಠ ಮಾಡಿದ ಎರಡೇ ಲೈನು, ಅಥೆನ್ಸು ಪ್ರಜಾಪ್ರಭುತ್ವದ ತವರು, ಸ್ಪಾರ್ಟಾ ಅಂದ್ರೆ ಬರೀ ಸೈನಿಕರು, ಮುಗೀತು. ಮೊನ್ನೆ ಒಂದು ವಿಡಿಯೋ ನೋಡ್ತಿದ್ದೆ, ಅದ್ರಲ್ಲಿ ಅಥೆನ್ಸಿನವರು ಹೆಚ್ಚುಕಮ್ಮಿ ಎಲ್ಲ ಅಧಿಕಾರಿಗಳನ್ನೂ ವೋಟು ಹಾಕಿ ಅಲ್ಲ, ಲಾಟರಿ ಎತ್ತಿ ಆರಿಸ್ತಿದ್ರು ಅಂದ. ನಾನು ಎರಡು ಸಲ ಹಿಂದೆ ಹಾಕ್ಕೊಂಡು ಕೇಳಿದೆ, ಅದನ್ನೇ ಹೇಳ್ತಿದಾನೆ. ಅಂದ್ರೆ ಇವತ್ತು ಮೀನು ಮಾರ್ತಾ ಕೂತಿದ್ದೋನು ನಾಳೆ ಖಜಾನೆ ಬೀಗದಕೈ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡ್ತಿದ್ನಾ? ದಡ್ಡ ಬಂದ್ರೆ ಏನು ಗತಿ, ಕಳ್ಳ ಬಂದ್ರೆ ಏನು ಗತಿ? ಇದನ್ನೇ ಪ್ರಜಾಪ್ರಭುತ್ವ ಅಂತ ಕರೀತಿದ್ರಾ? ಇನ್ನೊಂದು, ಮಡಕೆ ಚೂರಿನ ಮೇಲೆ ಹೆಸರು ಬರೆದು ಜನರನ್ನ ಊರಿಂದಾಚೆ ಹಾಕ್ತಿದ್ರಂತೆ, ಅದೇನು ಕಥೆ? ತಿಳಿದೋರು ಸ್ವಲ್ಪ ಬಿಡಿಸಿ ಹೇಳಿ, ಉದ್ದ ಆದ್ರೂ ಪರ್ವಾಗಿಲ್ಲ ಓದ್ತೀನಿ.

ಹಳೇಮಡಕೆ:

ಗುರು, ವಿಡಿಯೋದೋನು ಸರಿಯಾಗೇ ಹೇಳಿದಾನೆ. ಬೀಗದಕೈ ವಿಷಯಾನೂ ನೀನು ತಮಾಷೆಗೆ ಅಂದಿದ್ದು ನಿಜವಾಗ್ಲೂ ಹಂಗೇ ಇತ್ತು, ಕೇಳು.

ಕ್ರಿ.ಪೂ. 508-507ರ ಹೊತ್ತಿಗೆ ಕ್ಲೈಸ್ತೆನಿಸ್ ಅಂತ ಒಬ್ಬ ನಾಯಕ, ಅಥೆನ್ಸು ಮತ್ತೆ ಅದರ ಸುತ್ತಲಿನ ಇಡೀ ಅಟಿಕಾ ಪ್ರಾಂತ್ಯನ ಹೊಸದಾಗಿ ಹೆಣೆದ. ಊರುಕೇರಿ ಲೆಕ್ಕದಲ್ಲಿ 139 ಡೀಮ್‌ಗಳು, ಅವನ್ನ ಸೇರಿಸಿ 10 ಬುಡಕಟ್ಟು. ಬುಡಕಟ್ಟು ಅಂದ್ರೆ ರಕ್ತಸಂಬಂಧ ಅಲ್ಲ, ಬೇಕಂತಲೇ ಪಟ್ಟಣದ್ದೊಂದು ತುಂಡು, ಸಮುದ್ರದ ಕಡೆಯದ್ದೊಂದು ತುಂಡು, ಒಳನಾಡಿನದ್ದೊಂದು ತುಂಡು ಸೇರಿಸಿ ಹೊಲಿದ ಹಾಗೆ. ಅಲ್ಲಿವರೆಗೂ ದೊಡ್ಡ ಮನೆತನಗಳು ತಮ್ಮ ತಮ್ಮ ಏರಿಯಾ ಹಿಡ್ಕೊಂಡು ಕಿತ್ತಾಡ್ತಿದ್ವು, ಅದಕ್ಕೆ ಕತ್ತರಿ ಬಿತ್ತು. ಈ 10 ಬುಡಕಟ್ಟಿಂದ ತಲಾ 50 ಜನ, ಒಟ್ಟು 500 ಜನರ ಬೂಲೆ ಅನ್ನೋ ಮಂಡಳಿ. ಇವರನ್ನ ಚೀಟಿ ಎತ್ತಿ ಆರಿಸೋ ಪದ್ಧತಿ ಬಂತು. 30 ವರ್ಷ ತುಂಬಿರ್ಬೇಕು, ಒಂದು ವರ್ಷದ ಅವಧಿ, ಜೀವಮಾನದಲ್ಲಿ ಎರಡೇ ಸಲ ಕೂರಬಹುದು. ವರ್ಷನ ಹತ್ತು ಭಾಗ ಮಾಡಿ ಒಂದೊಂದು ಬುಡಕಟ್ಟಿನ 50 ಜನ ಮೂವತ್ತೈದು ಮೂವತ್ತಾರು ದಿನ ಡ್ಯೂಟಿ ಮೇಲೆ ಇರ್ತಿದ್ರು, ಆ ಐವತ್ತರಲ್ಲಿ ದಿನಕ್ಕೊಬ್ಬ ಮುಖ್ಯಸ್ಥ, ಅದೂ ಚೀಟೀಲೇ. ಒಂದು ಹಗಲು ಒಂದು ರಾತ್ರಿ ಖಜಾನೆ ಇಟ್ಟಿದ್ದ ದೇವಸ್ಥಾನಗಳ ಬೀಗದಕೈ, ದಫ್ತರದ ಬೀಗದಕೈ, ಸರ್ಕಾರಿ ಮುದ್ರೆ ಮೂರೂ ಅವನ ಹತ್ರ. ಮಾರನೇ ದಿನ ಇನ್ನೊಬ್ಬ. ಒಬ್ಬನಿಗೆ ಎರಡನೇ ಸಲ ಆ ಚಾನ್ಸ್ ಇಲ್ಲ. ಹಂಗಾಗಿ ನಿನ್ನ ಮೀನು ಮಾರೋನು ಒಂದು ದಿನದ ಮಟ್ಟಿಗೆ ಅಥೆನ್ಸಿನ ಅಧ್ಯಕ್ಷ ಆಗೋದು ಖಂಡಿತ ಸಾಧ್ಯ ಇತ್ತು.

ಈಗ ದಡ್ಡ ಬಂದ್ರೆ ಕಳ್ಳ ಬಂದ್ರೆ ಅನ್ನೋ ಪ್ರಶ್ನೆ. ಅದು ಅವರಿಗೂ ಹೊಳೆದಿತ್ತು. ಮೊದಲನೇದು, ಹೆಚ್ಚಿನ ಕೆಲಸಗಳನ್ನ ಒಬ್ಬನ ಕೈಗೆ ಕೊಡ್ತಿರ್ಲಿಲ್ಲ, ಹತ್ತತ್ತು ಜನರ ಗುಂಪಿಗೆ ಕೊಡ್ತಿದ್ರು. ಮಾರ್ಕೆಟ್ ನೋಡ್ಕೊಳ್ಳೋಕೆ ಹತ್ತು ಜನ, ಐದು ಜನ ಪಟ್ಟಣಕ್ಕೆ, ಐದು ಜನ ಪಿರೇಯಸ್ ಬಂದರಿಗೆ. ಎರಡನೇದು, ಚೀಟಿ ಬಿದ್ದ ತಕ್ಷಣ ಕುರ್ಚಿ ಸಿಗಲ್ಲ, ಮೊದಲು ಒಂದು ವಿಚಾರಣೆ. ಅದಕ್ಕೆ ಡೋಕಿಮಾಸಿಯಾ ಅಂತಾರೆ. ನಿಂಗೆ ಲೆಕ್ಕ ಬರುತ್ತಾ ಕಾನೂನು ಗೊತ್ತಾ ಅಂತ ಕೇಳ್ತಿರ್ಲಿಲ್ಲ, ಮಜಾ ಇರೋದೇ ಅಲ್ಲಿ. ಆರ್ಕನ್ ಅನ್ನೋ ಹಿರಿಯ ಅಧಿಕಾರಿ ಹುದ್ದೆಗೆ ಬಂದೋನಿಗೆ ಕೇಳ್ತಿದ್ದ ಪ್ರಶ್ನೆಗಳು ಹೀಗಿದ್ವು: ನಿಮ್ಮಪ್ಪ ಯಾರು, ಯಾವ ಡೀಮು, ಅಮ್ಮ ಯಾರು, ಅಮ್ಮನ ಅಪ್ಪ ಯಾರು, ಮನೆದೇವರ ಪೂಜೆ ಎಲ್ಲಿ, ಹಿರಿಯರ ಸಮಾಧಿ ಎಲ್ಲಿದೆ, ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕೋತೀಯಾ, ತೆರಿಗೆ ಕಟ್ಟಿದೀಯಾ, ಯುದ್ಧಕ್ಕೆ ಕರೆದಾಗ ಹೋಗಿದ್ಯಾ? ಆಮೇಲೆ ಇವನ ಮೇಲೆ ಯಾರಿಗಾದ್ರೂ ಆಕ್ಷೇಪ ಇದ್ಯಾ ಅಂತ ಎಲ್ಲರ ಮುಂದೆ ಕೂಗಿ ಕೇಳೋರು. ಪರೀಕ್ಷೆ ಇದ್ದಿದ್ದು ಮನುಷ್ಯನಿಗೆ, ಅವನ ಬುದ್ಧಿವಂತಿಕೆಗಲ್ಲ. ಮೂರನೇದು, ಅವಧಿ ಮುಗಿದ ಮೇಲೆ ಪೈಸೆ ಪೈಸೆ ಲೆಕ್ಕ ಒಪ್ಪಿಸ್ಬೇಕು, ಅದು ಮುಗಿಯೋವರೆಗೂ ಬಿಡುಗಡೆ ಇಲ್ಲ.

ಎಲ್ಲದಕ್ಕೂ ಚೀಟಿ ಅಂತಾನೂ ಅಲ್ಲ. ಯುದ್ಧಕ್ಕೆ 10 ಜನ ಸೇನಾಪತಿಗಳನ್ನ ಕೈಯೆತ್ತಿ ವೋಟು ಹಾಕೇ ಆರಿಸ್ತಿದ್ರು, ಗೆದ್ದೋನು ಎಷ್ಟು ಸಲ ಬೇಕಾದ್ರೂ ಮತ್ತೆ ನಿಲ್ಲಬಹುದಿತ್ತು. ಅಥೆನ್ಸಿನ ಹೆಸರಾಂತ ನಾಯಕ ಪೆರಿಕ್ಲೀಸ್ ಸತತ 15 ವರ್ಷ ಗೆದ್ದ ಅಂತ ಅವನ ಜೀವನಚರಿತ್ರೆ ಬರೆದ ಪ್ಲುಟಾರ್ಕ್ ಹೇಳ್ತಾನೆ. ದುಡ್ಡಿನ ಕೆಲವು ಹುದ್ದೆಗಳನ್ನೂ ಆಮೇಲಾಮೇಲೆ ಎಲೆಕ್ಷನ್ನಿಗೆ ತಂದ್ರು. ಇನ್ನು ಎಲೆಕ್ಷನ್ ಅಂದ್ರೆ ಅವರ ಕಣ್ಣಿಗೆ ಶ್ರೀಮಂತರ ಆಟ. ದುಡ್ಡು, ಮನೆತನ, ಮಾತುಗಾರಿಕೆ ಇದ್ದೋನು ಗೆಲ್ತಾನೆ. ಅರಿಸ್ಟಾಟಲ್ ಅದನ್ನ ಬಾಯಿಬಿಟ್ಟೇ ಹೇಳ್ತಾನೆ, ಚೀಟಿ ಎತ್ತೋದು ಪ್ರಜಾಪ್ರಭುತ್ವದ ಲಕ್ಷಣ, ಎಲೆಕ್ಷನ್ ಕೆಲವರ ಆಳ್ವಿಕೆಯ ಲಕ್ಷಣ ಅಂತ.

ಮಡಕೆಚೂರಿನ ಕಥೆ ಆಮೇಲೆ ಬರೀತೀನಿ, ಬೆರಳು ನೋಯ್ತಿದೆ.

ತಕರಾರು ತಮ್ಮಯ್ಯ:

ಹಳೇಮಡಕೆ ಅಣ್ಣ ಬಣ್ಣ ಹಚ್ಚಿ ಹೇಳ್ತಿದಾರೆ, ಇನ್ನೊಂದು ಮುಖಾನೂ ನೋಡಿ. ಆ ಊರಲ್ಲೇ ಹುಟ್ಟಿದ ಸಾಕ್ರೆಟಿಸ್ ಈ ಚೀಟಿ ಪದ್ಧತಿ ನೋಡಿ ನಗ್ತಿದ್ದ. ಹಡಗು ನಡೆಸೋನನ್ನ ಯಾರಾದ್ರೂ ಚೀಟಿ ಎತ್ತಿ ಆರಿಸ್ತಾರಾ, ಬಡಗೀನ, ಕೊಳಲು ಊದೋನನ್ನ ಆರಿಸ್ತಾರಾ, ಅವರು ತಪ್ಪು ಮಾಡಿದ್ರೆ ಆಗೋ ನಷ್ಟ ಕಮ್ಮಿ, ರಾಜ್ಯ ನಡೆಸೋನು ತಪ್ಪು ಮಾಡಿದ್ರೆ ಊರೇ ಮುಳುಗುತ್ತೆ ಅನ್ನೋದು ಅವನ ವಾದ, ಅವನ ಶಿಷ್ಯ ಕ್ಸೆನೊಫೋನ್ ಇದನ್ನ ದಾಖಲಿಸಿದಾನೆ. ಕೊನೆಗೆ ಅವನನ್ನೇ ಕ್ರಿ.ಪೂ. 399ರಲ್ಲಿ ಚೀಟೀಲಿ ಬಂದ ಐನೂರು ಜನರ ಕೋರ್ಟು ಕೂತು ವಿಷ ಕುಡಿಸ್ತಲ್ಲ, ಅದಕ್ಕೇನಂತೀರಿ?

ಇನ್ನೊಂದು ಉದಾಹರಣೆ ಕೊಡ್ತೀನಿ. ಕ್ರಿ.ಪೂ. 406, ಆರ್ಗಿನೂಸೆ ಅನ್ನೋ ದ್ವೀಪಗಳ ಹತ್ರ ಸ್ಪಾರ್ಟಾದ ಹಡಗುಪಡೆ ಮೇಲೆ ಅಥೆನ್ಸು ಭಾರೀ ಗೆಲುವು ಸಾಧಿಸ್ತು. ಆದ್ರೆ ಗೆದ್ದ ಮೇಲೆ ಬಿರುಗಾಳಿ ಎದ್ದು, ಒಡೆದ ಹಡಗುಗಳಿಗೆ ಜೋತುಬಿದ್ದಿದ್ದ ತಮ್ಮೋರನ್ನ ಎತ್ಕೊಂಡು ಬರಕ್ಕಾಗ್ಲಿಲ್ಲ. ಊರಿಗೆ ಬಂದ್ರೆ ಹಾರ ಹಾಕೋ ಬದ್ಲು ಕೇಸು. ಆ ಯುದ್ಧದಲ್ಲಿದ್ದ ಎಂಟು ಜನ ಸೇನಾಪತಿಗಳಲ್ಲಿ ಇಬ್ರು ಬುದ್ಧಿವಂತರು ವಾಪಸ್ಸೇ ಬರ್ಲಿಲ್ಲ, ಬಂದ ಆರೂ ಜನಕ್ಕೆ ಒಟ್ಟಿಗೆ ಒಂದೇ ವೋಟಲ್ಲಿ ಮರಣದಂಡನೆ. ಅದ್ರಲ್ಲಿ ಒಬ್ಬ ಪೆರಿಕ್ಲೀಸನ ಮಗ. ಆಮೇಲೆ ಜನ ಅಯ್ಯೋ ತಪ್ಪಾಯ್ತು ಅಂತ ಕೊರಗಿದ್ರು, ನಮ್ಮನ್ನ ಎತ್ತಿಕಟ್ಟಿದೋರು ಯಾರು ಹಿಡೀರಿ ಅಂದ್ರು. ಹೋದ ತಲೆ ಬರುತ್ತಾ? ಮುಂದಿನ ವರ್ಷ ಈಗಸ್‌ಪೊಟಮಿ ಅನ್ನೋ ಕಡೆ ಸ್ಪಾರ್ಟಾ ಕೈಲಿ ಹೆಚ್ಚುಕಮ್ಮಿ ಇಡೀ ಹಡಗುಪಡೆ ಕಳ್ಕೊಂಡ್ರು, 404ಕ್ಕೆ ಸ್ಪಾರ್ಟಾಗೆ ಶರಣು. ಒಳ್ಳೆ ಸೇನಾಪತಿಗಳನ್ನ ನೀವೇ ಕೊಂದ್ಕೊಂಡು ಯುದ್ಧ ಗೆಲ್ತೀವಿ ಅಂದ್ರೆ ಹೆಂಗೆ.

ಹಳೇಮಡಕೆ:

ತಮ್ಮಯ್ಯ, ನೀನು ಹೇಳಿದ ಘಟನೆ ಅಕ್ಷರಶಃ ನಿಜ, ಆದ್ರೆ ತಪ್ಪು ಯಾರ ತಲೆಗೆ ಕಟ್ತಿದೀಯ ನೋಡು. ಆ ಆರು ಜನರನ್ನ ಕೊಂದಿದ್ದು ಚೀಟೀಲಿ ಬಂದ ಅಧಿಕಾರಿಗಳಲ್ಲ, ಎಕ್ಲೀಸಿಯಾ, ಅಂದ್ರೆ ಬೆಟ್ಟದ ಮೇಲೆ ಸೇರೋ ಊರಿನ ಮಹಾಸಭೆ, ಯಾವ ಪ್ರಜೆ ಬೇಕಾದ್ರೂ ಬಂದು ಕೂತು ಕೈಯೆತ್ತೋ ಜಾಗ. ಅವತ್ತು ಹೀಗೆ ಒಟ್ಟಿಗೆ ವಿಚಾರಣೆ ಮಾಡೋದು ಕಾನೂನಿಗೆ ವಿರುದ್ಧ, ಇದನ್ನ ವೋಟಿಗೆ ಹಾಕಲ್ಲ ಅಂತ ಅಡ್ಡ ನಿಂತೋನು ಒಬ್ಬನೇ, ನಿನ್ನ ಸಾಕ್ರೆಟಿಸ್. ಅವನು ಆ ಜಾಗದಲ್ಲಿ ಇದ್ದಿದ್ದಾದ್ರೂ ಹೆಂಗೆ? ಆ ವರ್ಷ ಬೂಲೆಗೆ ಅವನ ಚೀಟಿ ಎದ್ದಿತ್ತು, ಅವನ ಬುಡಕಟ್ಟಿನ ಡ್ಯೂಟಿ ನಡೀತಿತ್ತು! ಚೀಟಿ ನೋಡಿ ನಗ್ತಿದ್ದೋನು ಚೀಟೀಲೇ ಬಂದು ಕೂತು ಆ ಇಡೀ ಸಭೆಯಲ್ಲಿ ಸರಿಯಾದ ಕೆಲಸ ಮಾಡಿದ. ಚುನಾವಣೆಗೆ ನಿಂತಿದ್ರೆ ಆ ಬರಿಗಾಲಿನ ಮನುಷ್ಯನಿಗೆ ಯಾರು ವೋಟು ಹಾಕ್ತಿದ್ರು ಹೇಳು.

ಅವರ ನಿಜವಾದ ಕಾಯಿಲೆ ಸಭೆಯ ಸಿಟ್ಟು, ಚೀಟಿ ಅಲ್ಲ. ಮಿಟಿಲಿನಿ ವಿಷಯ ನೋಡು. 427ರಲ್ಲಿ, ಅಥೆನ್ಸಿನ ಮಿತ್ರಕೂಟದಲ್ಲಿದ್ದ ಆ ಊರು ದಂಗೆ ಎದ್ದು ಸೋತಾಗ, ಕ್ಲಿಯಾನ್ ಅನ್ನೋ ರಾಜಕಾರಣಿ ಮಾತು ಕೇಳಿ ಅಲ್ಲಿನ ಗಂಡಸರನ್ನೆಲ್ಲ ಕೊಲ್ಲಿ, ಹೆಂಗಸರು ಮಕ್ಕಳನ್ನ ಗುಲಾಮರಾಗಿ ಮಾರಿ ಅಂತ ಸಭೆ ತೀರ್ಮಾನ ಮಾಡಿ ಹಡಗು ಕಳಿಸ್ತು. ರಾತ್ರಿ ನಿದ್ದೆ ಬಂತೋ ಇಲ್ವೋ, ಬೆಳಿಗ್ಗೆ ಮತ್ತೆ ಸಭೆ ಸೇರಿ ಬೇಡ ಅಂದ್ರು, ಅದೂ ಕೂದಲೆಳೆ ಅಂತರದ ವೋಟಲ್ಲಿ. ಎರಡನೇ ಹಡಗು ಹೊರಡ್ತು. ಹುಟ್ಟು ಹಾಕೋರು ನಿಲ್ಲಿಸದೇನೇ ವೈನು ಎಣ್ಣೆ ಕಲಸಿದ ಬಾರ್ಲಿ ಹಿಟ್ಟು ತಿಂದ್ಕೊಂಡು, ಸರದಿ ಮೇಲೆ ಮಲಗಿ, ಹುಟ್ಟು ಹಾಕಿದ್ರು. ಮೊದಲ ಹಡಗಿನೋರಿಗೆ ಹೋಗಕ್ಕೆ ಮನಸ್ಸಿರ್ಲಿಲ್ಲ, ನಿಧಾನಕ್ಕೆ ಹೋಗಿದ್ರು. ಅಲ್ಲಿ ಸೇನಾಪತಿ ಆಜ್ಞೆ ಓದಿ ಇನ್ನೇನು ಶುರು ಮಾಡ್ಬೇಕು ಅನ್ನೋ ಹೊತ್ತಿಗೆ ಇವರು ಮುಟ್ಟಿದ್ರು. ಊರು ಉಳೀತು, ದಂಗೆಯ ಮುಖಂಡರು ಅಂತ ಹಿಡಿದಿದ್ದೋರನ್ನ ಮಾತ್ರ ಬಿಡ್ಲಿಲ್ಲ. ನಂಗೆ ಗ್ರೀಕರ ಇತಿಹಾಸದಲ್ಲಿ ಇದಕ್ಕಿಂತ ಮೈ ಜುಂ ಅನ್ನಿಸೋ ಜಾಗ ಇನ್ನೊಂದಿಲ್ಲ.

ಈಗ ಮಡಕೆಚೂರು. ವರ್ಷಕ್ಕೊಂದ್ಸಲ ಸಭೆಯಲ್ಲಿ ಕೇಳ್ತಿದ್ರು, ಈ ವರ್ಷ ಯಾರನ್ನಾದ್ರೂ ಹೊರಗೆ ಹಾಕ್ಬೇಕಾ ಅಂತ. ಹೌದು ಅಂದ್ರೆ ಸುಮಾರು ಎರಡು ತಿಂಗಳು ಬಿಟ್ಟು ಅಗೋರಾ ಚೌಕದಲ್ಲಿ ಎಲ್ರೂ ಒಡೆದ ಮಡಕೆ ಚೂರಿನ ಮೇಲೆ ಒಂದು ಹೆಸರು ಕೊರೆದು ಹಾಕ್ಬೇಕು. ಆ ಚೂರಿಗೆ ಓಸ್ಟ್ರಕಾನ್ ಅಂತ ಹೆಸರು. ಕನಿಷ್ಠ 6000 ಚೂರು ಬಿದ್ದಿರ್ಬೇಕು, ಬಿದ್ರೆ ಜಾಸ್ತಿ ಹೆಸರು ಬಂದೋನು ಹತ್ತು ದಿನದಲ್ಲಿ ಊರು ಬಿಡ್ಬೇಕು, ಹತ್ತು ವರ್ಷ ಬರೋ ಹಾಗಿಲ್ಲ. ಆರೋಪ ಇಲ್ಲ, ವಿಚಾರಣೆ ಇಲ್ಲ. ಹಾಗೇನೇ ಆಸ್ತಿ ಮುಟ್ಟುಗೋಲು ಇಲ್ಲ, ಹೆಂಡ್ತಿ ಮಕ್ಕಳಿಗೆ ತೊಂದ್ರೆ ಇಲ್ಲ, ಹತ್ತು ವರ್ಷ ಆದ್ಮೇಲೆ ಬಂದು ಮೊದಲಿನ ಹಂಗೇ ಇರಬಹುದು. ಒಬ್ಬ ತೀರಾ ಬಲಿತು ಸರ್ವಾಧಿಕಾರಿ ಆಗ್ತಾನೆ ಅನ್ನೋ ಭಯಕ್ಕೆ ಕಂಡುಹಿಡಿದ ಮದ್ದು ಇದು. ಮೊದಲನೇ ಸಲ 487ರಲ್ಲಿ, ಪೆರಿಕ್ಲೀಸನ ಅಪ್ಪ ಕ್ಸಾಂತಿಪಸ್ 484ರಲ್ಲಿ, ನ್ಯಾಯವಂತ ಅಂತಲೇ ಹೆಸರಾಗಿದ್ದ ಅರಿಸ್ಟೈಡಿಸ್ 482ರಲ್ಲಿ. ಪರ್ಷಿಯಾದವರು ದಂಡೆತ್ತಿ ಬಂದಾಗ ಇವರಿಬ್ರನ್ನೂ ವಾಪಸ್ ಕರೆಸ್ಕೊಂಡ್ರು ಅನ್ನೋದು ಬೇರೆ. ಸಲಾಮಿಸ್‌ನಲ್ಲಿ ಪರ್ಷಿಯಾ ಹಡಗುಪಡೆ ಮುರಿದ ಥೆಮಿಸ್ಟೊಕ್ಲೀಸ್‌ನನ್ನೂ ಬಿಡ್ಲಿಲ್ಲ, ಅವನು ಕೊನೆಗೆ ಹೋಗಿ ಸೇರಿದ್ದು ಪರ್ಷಿಯಾ ರಾಜನ ಆಸ್ಥಾನಕ್ಕೇ!

ತಮ್ಮಯ್ಯನಿಗೆ ಇಷ್ಟ ಆಗೋ ವಿಷಯ ಇಲ್ಲಿದೆ ನೋಡಿ. ಆಕ್ರೊಪೊಲಿಸ್ ಬೆಟ್ಟದ ಉತ್ತರ ಪಕ್ಕದ ಒಂದು ಬಾವಿಯಲ್ಲಿ ಥೆಮಿಸ್ಟೊಕ್ಲೀಸ್ ಹೆಸರಿನ 190 ಚೂರು ಒಟ್ಟಿಗೆ ಸಿಕ್ಕಿದಾವೆ. ಕೈಬರಹ ನೋಡಿದ್ರೆ ಬರೆದೋರು ಹದಿನಾಲ್ಕೇ ಜನ. ಅಂದ್ರೆ ಮೊದ್ಲೇ ಬರೆದಿಟ್ಕೊಂಡು ಹಂಚಕ್ಕೆ ತಯಾರಾಗಿದ್ದ ಮಾಲು, ಏನೋ ಆಗಿ ಉಳಿದು ಬಾವಿ ಸೇರಿದೆ.

ಮಸಿಕುಡಿಕೆ:

ಅಯ್ಯೋ ಹದಿನಾಲ್ಕು ಜನ 190 ಚೂರು, ಅವಾಗ್ಲೇ ಶುರುವಾಗಿತ್ತಾ ಇದು 😂 ಒಂದು ಡೌಟು, ಚೂರಲ್ಲಿ ಬರೀ ಹೆಸರಾ ಅಥವಾ ಬೈಗುಳಾನೂ ಬರೀಬಹುದಿತ್ತಾ? ಮತ್ತೆ ಈ ಕೋರ್ಟು, ಐನೂರು ಜನ ಜಡ್ಜು ಅಂದ್ರೆ ಕೇಸು ಎಷ್ಟು ವರ್ಷ ನಡೀತಿತ್ತು?

ಶಾಸನಪ್ರಿಯೆ:

ಬೈಗುಳಾನೂ ಬರೀತಿದ್ರು ರೀ. ಹೆಸರು, ಅಪ್ಪನ ಹೆಸರು ಸಾಕಾಗಿತ್ತು, ಆದ್ರೆ ಹೊಟ್ಟೆಉರಿ ತಡೀಬೇಕಲ್ಲ. ಕೈಮನ್ ಅಂತ ದೊಡ್ಡ ಸೇನಾಪತಿ, ಅವನಿಗೂ ಅವನ ಸೋದರಿ ಎಲ್ಪಿನಿಕೆಗೂ ಸಂಬಂಧ ಕಟ್ಟಿ ಊರೆಲ್ಲ ಗುಸುಗುಸು. ಒಂದು ಚೂರಿನ ಮೇಲೆ ಯಾರೋ ಕೊರೆದಿದಾರೆ, ಮಿಲ್ಟಿಯಾಡಿಸನ ಮಗ ಕೈಮನ್, ಎಲ್ಪಿನಿಕೆನ ಕರ್ಕೊಂಡು ತೊಲಗು ಅಂತ. ಎರಡೂವರೆ ಸಾವಿರ ವರ್ಷ ಆದ್ಮೇಲೂ ಆ ಸಿಟ್ಟು ಹಂಗೇ ಇದೆ. ಕೆರಮೈಕಾಸ್ ಅನ್ನೋ ಕುಂಬಾರರ ಕೇರಿ ಕಡೆ ಅಗೆದಾಗ ಇಂಥ ಚೂರು ಸಾವಿರಗಟ್ಲೆ ಸಿಕ್ಕಿದ್ದು.

ಕೋರ್ಟಿನದ್ದು ಕೇಳಿದ್ರಲ್ಲ, ಎಲ್ಲ ಕೇಸೂ ಒಂದೇ ದಿನ! ವಿಚಾರಣೆ ಶುರುವಾಗಿ ತೀರ್ಪು ಬಂದು ಸಂಜೆಗೆ ಮನೆಗೆ. ಜಡ್ಜು ಇಲ್ಲ, ವಕೀಲ ಇಲ್ಲ, ದೂರು ಕೊಟ್ಟೋನೂ ಅವನೇ ಮಾತಾಡ್ಬೇಕು, ಸಿಕ್ಕಿಬಿದ್ದೋನೂ ಅವನೇ ಮಾತಾಡ್ಬೇಕು. ಹೆಚ್ಚಂದ್ರೆ ದುಡ್ಡು ಕೊಟ್ಟು ಲಿಸಿಯಾಸ್ ಥರದೋರ ಹತ್ರ ಭಾಷಣ ಬರೆಸ್ಕೊಂಡು ಬಾಯಿಪಾಠ ಮಾಡ್ಕೊಂಡು ಬರೋದು. ಟೈಮು ನೋಡಕ್ಕೆ ನೀರಿನ ಗಡಿಯಾರ, ಮೇಲಿನ ಮಡಕೆಯಿಂದ ತೂತಿನ ಮೂಲಕ ಕೆಳಗಿನ ಮಡಕೆಗೆ ನೀರು ಬೀಳೋದು. ಅಗೋರಾದಲ್ಲಿ ಸಿಕ್ಕಿರೋದು ಆರು ಲೀಟರ್ ಚಿಲ್ಲರೆ ಹಿಡಿಯುತ್ತೆ, ಆರು ನಿಮಿಷಕ್ಕೆ ಖಾಲಿ. ಕೇಸು ದೊಡ್ಡದಾದ್ರೆ ನೀರು ಜಾಸ್ತಿ.

ತೀರ್ಪು ಕೊಡೋರು ಪ್ರತಿ ವರ್ಷ ಹೆಸರು ಕೊಟ್ಟ 6000 ಜನರಲ್ಲಿ ಚೀಟಿ ಬಿದ್ದೋರು. ಕ್ರಿ.ಪೂ. ನಾಲ್ಕನೇ ಶತಮಾನಕ್ಕೆ ಬಂದ್ರೆ ಅದಕ್ಕೊಂದು ಯಂತ್ರಾನೇ ಮಾಡಿದ್ರು, ಕ್ಲೆರೊಟೀರಿಯನ್ ಅಂತ, ಅದರ ಒಡೆದ ತುಂಡು ಅಥೆನ್ಸಿನ ಅಗೋರಾ ಮ್ಯೂಸಿಯಮ್ಮಲ್ಲಿದೆ. ನಿಲ್ಲಿಸಿದ ಕಲ್ಲಿನ ಚಪ್ಪಡಿ, ಅದ್ರಲ್ಲಿ ಸಾಲುಸಾಲಾಗಿ ಸೀಳು. ಪ್ರತಿಯೊಬ್ಬನ ಹೆಸರಿನ ಪಟ್ಟಿ ಒಂದೊಂದು ಸೀಳಿಗೆ ಸಿಗಿಸೋದು, ಪಕ್ಕದ ಕೊಳವೆಗೆ ಬಿಳಿ ಕಪ್ಪು ಗುಂಡು ಹಾಕಿ ಒಂದೊಂದಾಗಿ ಬಿಡೋದು, ಬಿಳಿ ಬಂದ್ರೆ ಆ ಸಾಲಿನೋರು ಒಳಗೆ, ಕಪ್ಪು ಬಂದ್ರೆ ಮನೆಗೆ. ಇದು ಆಗ್ತಿದ್ದಿದ್ದು ಅದೇ ದಿನ ಬೆಳಿಗ್ಗೆ. ಯಾರು ಯಾವ ಕೇಸಿಗೆ ಕೂರ್ತಾರೆ ಅಂತ ಹಿಂದಿನ ರಾತ್ರಿ ದೇವರಿಗೂ ಗೊತ್ತಿರ್ಲಿಲ್ಲ, ಇನ್ನು ಲಂಚ ಕೊಡೋದು ಯಾರಿಗೆ? ದಿನಕ್ಕೆ ಮೂರು ಓಬೋಲ್ ಭತ್ಯೆ, ಅಂದ್ರೆ ದ್ರಾಖ್ಮಾ ಅನ್ನೋ ಬೆಳ್ಳಿ ನಾಣ್ಯದ ಅರ್ಧ. ಆಗ ಕುಶಲ ಕೆಲಸದೋನ ದಿನಗೂಲಿ ಸುಮಾರು ಒಂದು ದ್ರಾಖ್ಮಾ ಇತ್ತು. ಹಾಗಾಗಿ ದುಡಿಯೋ ಮೈಯವರಿಗಿಂತ ವಯಸ್ಸಾದವರಿಗೆ ಇದು ಒಳ್ಳೆ ಆಸರೆ ಆಗಿತ್ತು, ನಾಟಕದೋರು ಈ ಮುದುಕರನ್ನ ಇಟ್ಕೊಂಡು ಬೇಕಾದಷ್ಟು ನಗಾಡಿದಾರೆ.

ಆದ್ರೆ ಹಳೇಮಡಕೆ ಸರ್, ತಮ್ಮಯ್ಯನವರೇ, ನೀವಿಬ್ರೂ ಇಷ್ಟು ಹೊತ್ತು ಜನ ಜನ ಅಂದ್ರಲ್ಲ, ಯಾವ ಜನ? ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ವೋಟಿದ್ದ ಗಂಡಸರು ಅಂದಾಜು 30,000. ಹೆಂಗಸರಿಗಿಲ್ಲ, ತಲೆಮಾರುಗಟ್ಲೆ ಅಲ್ಲೇ ಇದ್ದ ಹೊರಗಿನೋರಿಗಿಲ್ಲ, ಮೇಲೆ ಹೇಳಿದ ಲಿಸಿಯಾಸೇ ಅಂಥೋನು, ಕೋರ್ಟಿಗೆ ಅಷ್ಟು ಭಾಷಣ ಬರ್ಕೊಟ್ಟೋನಿಗೆ ಕೋರ್ಟಲ್ಲಿ ಕೂತು ವೋಟು ಹಾಕೋ ಹಕ್ಕಿಲ್ಲ. 451ರಲ್ಲಿ ಪೆರಿಕ್ಲೀಸ್ ತಂದ ಕಾನೂನಿನ ಪ್ರಕಾರ ಅಪ್ಪ ಅಮ್ಮ ಇಬ್ರೂ ಅಥೆನ್ಸಿನೋರೇ ಆಗಿರ್ಬೇಕು, ಆಮೇಲೆ ಅವನ ಮಗನಿಗೇ, ಅದೇ ತಮ್ಮಯ್ಯ ಹೇಳಿದ ಆರ್ಗಿನೂಸೆ ಸೇನಾಪತಿ, ಅಮ್ಮ ಮಿಲೆಟಸ್‌ನ ಅಸ್ಪಾಸಿಯಾ ಅನ್ನೋ ಕಾರಣಕ್ಕೆ ವಿಶೇಷ ವಿನಾಯಿತಿ ಕೇಳ್ಬೇಕಾಯ್ತು. ಇನ್ನು ಗುಲಾಮರು. ಬೆಳ್ಳಿ ಬರ್ತಿದ್ದಿದ್ದು ಲಾರಿಯಂ ಗಣಿಯಿಂದ, ಆ ಬೆಳ್ಳೀಲೇ ಸಲಾಮಿಸ್ ಗೆದ್ದ ಹಡಗುಗಳಾಗಿದ್ದು, ಆ ಸುರಂಗಗಳಲ್ಲಿ ಮಂಡಿಯೂರಿ ಅಗೀತಿದ್ದೋರು ಗುಲಾಮರು. ಊರಿನ ಪೊಲೀಸ್ ಕೆಲಸ ಮಾಡ್ತಿದ್ದ ಸಿಥಿಯನ್ ಬಿಲ್ಲುಗಾರರೂ, ಅಂದ್ರೆ ಕಪ್ಪುಸಮುದ್ರದ ಉತ್ತರದ ಕಡೆಯೋರು, ಸರ್ಕಾರಿ ಗುಲಾಮರೇ.

ನಂಗೆ ತುಂಬಾ ಕಾಡೋ ಶಾಸನ ಒಂದಿದೆ, ಕ್ರಿ.ಪೂ. 375-374ರದ್ದು. ಮಾರ್ಕೆಟ್ಟಲ್ಲಿ ಬೆಳ್ಳಿ ನಾಣ್ಯ ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡಕ್ಕೆ ಒಬ್ಬ ಸರ್ಕಾರಿ ಗುಲಾಮ ಕೂತಿರ್ತಿದ್ದ. ಅವನು ಸರಿ ಅಂದ ನಾಣ್ಯನ ವ್ಯಾಪಾರಿ ಬೇಡ ಅನ್ನೋ ಹಾಗಿಲ್ಲ, ಅಂದ್ರೆ ಅವತ್ತಿನ ಮಾಲು ಮುಟ್ಟುಗೋಲು. ಒಳಗೆ ತಾಮ್ರವೋ ಸೀಸವೋ ಇದ್ರೆ ಅವನೇ ಕತ್ತರಿಸಿ ಹಾಕ್ಬೇಕು. ಸ್ವತಂತ್ರ ಪ್ರಜೆಗಳ ದುಡ್ಡಿನ ಮೇಲೆ ಅವನ ಮಾತೇ ಕೊನೆ. ಅದೇ ಶಾಸನದಲ್ಲಿ ಮುಂದಿನ ಸಾಲು, ಅವನು ಜಾಗದಲ್ಲಿ ಕೂರದೇ ಹೋದ್ರೆ ಐವತ್ತು ಚಾಟಿಯೇಟು. ಚೀಟೀಲಿ ಬಂದ ನಿಮ್ಮ ಅಧಿಕಾರಿ ವರ್ಷ ಆದ್ಮೇಲೆ ಮನೆಗೆ ಹೋಗ್ತಿದ್ದ, ಕೆಲಸ ಗೊತ್ತಿದ್ದ ಗುಮಾಸ್ತ ಗುಲಾಮ ಅಲ್ಲೇ ಇರ್ತಿದ್ದ. ಊರು ನಡೀತಿದ್ದಿದ್ದು ಹೆಂಗೆ ಅಂತ ಕೇಳಿದ್ರಲ್ಲ, ಅರ್ಧ ಉತ್ತರ ಅಲ್ಲಿದೆ.

ತಕರಾರು ತಮ್ಮಯ್ಯ:

ಮೇಡಂ ಹೇಳಿದ್ದು ಒಪ್ಪಿದೆ, ನಾಣ್ಯದ ವಿಷಯ ಗೊತ್ತಿರ್ಲಿಲ್ಲ. ಸಾಕ್ರೆಟಿಸ್ ಬೂಲೆಗೆ ಚೀಟೀಲಿ ಬಂದಿದ್ದ ಅನ್ನೋದೂ ಮರ್ತಿದ್ದೆ, ಹಳೇಮಡಕೆ ಅಣ್ಣನಿಗೆ ಒಂದು ಪಾಯಿಂಟು. ಆದ್ರೂ ಅವನಿಗೆ ವಿಷ ಕೊಟ್ಟಿದ್ದು ಚೀಟಿ ಕೋರ್ಟೇ, ಅದನ್ನ ಮಾತ್ರ ಬಿಡಲ್ಲ.

ಸ್ಪಾರ್ಟಾದೋರು ಇದಕ್ಕಿಂತ ವಾಸಿನಾ ಅಂದ್ರೆ ಅದೂ ಇಲ್ಲ ಬಿಡಿ. ಇಬ್ರು ರಾಜರು, ವರ್ಷಕ್ಕೆ ಐದು ಜನ ಎಫರ್‌ಗಳು ಅಂದ್ರೆ ರಾಜರ ಮೇಲೂ ಕಣ್ಣಿಡೋ ಅಧಿಕಾರಿಗಳು, ಜೊತೆಗೆ 60 ದಾಟಿದ 28 ಹಿರಿಯರು ಸಾಯೋವರೆಗೂ. ಆ ಹಿರಿಯರನ್ನ ಆರಿಸ್ತಿದ್ದಿದ್ದು ಗಲಾಟೆ ಮೇಲೆ! ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಸಭೆ ಮುಂದೆ ನಡ್ಕೊಂಡು ಹೋಗೋದು, ಜನ ಕಿರುಚೋದು, ಪಕ್ಕದ ಮನೇಲಿ ಬಾಗಿಲು ಹಾಕ್ಕೊಂಡು ಕೂತ ಕೆಲವರು ಯಾರು ಅಂತ ನೋಡದೇನೇ ಎಷ್ಟನೇಯವನಿಗೆ ಜೋರು ಸದ್ದು ಬಂತು ಅಂತ ಗುರುತು ಹಾಕ್ಕೊಳ್ಳೋದು. ಅರಿಸ್ಟಾಟಲ್ ಇದನ್ನ ಹುಡುಗಾಟ ಅಂದಿದಾನೆ. ಒಂದು ಮಾತ್ರ ಮೇಡಂ, ಅಲ್ಲಿನ ಹೆಂಗಸರ ಹೆಸರಲ್ಲಿ ಜಮೀನಿತ್ತು, ದೇಶದ ಭೂಮಿಯಲ್ಲಿ ಐದರಲ್ಲಿ ಎರಡು ಪಾಲು ಹೆಂಗಸರದ್ದೇ ಅಂತ ಅದೇ ಅರಿಸ್ಟಾಟಲ್ ಗೊಣಗ್ತಾನೆ. ಆ ಜಮೀನು ಉಳ್ತಿದ್ದೋರು ಹೆಲಟ್‌ಗಳು, ಅಂದ್ರೆ ಜಮೀನಿಗೇ ಕಟ್ಟುಬಿದ್ದ ಜೀತದೋರು ಅನ್ನೋದು ಇನ್ನೊಂದು ದೊಡ್ಡ ಕಥೆ.

ಮಸಿಕುಡಿಕೆ:

ಕಿರುಚಿ ಆರಿಸೋದು 🤦 ಅದಕ್ಕಿಂತ ಚೀಟೀನೇ ವಾಸಿ. ಎಲ್ರಿಗೂ ಥ್ಯಾಂಕ್ಸ್, ಶಾಸನಪ್ರಿಯೆ ಮೇಡಂ ಹೇಳಿದ ನಾಣ್ಯದೋನ ಕಥೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕೊನೇದೊಂದು ಕೇಳ್ತೀನಿ ಬೈಬೇಡಿ, ಈ ಚೀಟಿ ಅಧಿಕಾರಿಗಳು ದಿನಾ ಮಾಡ್ತಿದ್ದ ಕೆಲಸ ಆದ್ರೂ ಏನು?

ಹಳೇಮಡಕೆ:

ಬೀದಿ ಮೇಲ್ವಿಚಾರಕರು ಅಂತ ಹತ್ತು ಜನ ಇದ್ರು, ಅಸ್ಟಿನೊಮಾಯ್, ಅವರ ಕೆಲಸದ ಪಟ್ಟಿ ಉಳ್ಕೊಂಡಿದೆ. ಊರಿನ ಗಲೀಜು ಹೊರೋರು ಅದನ್ನ ಕೋಟೆ ಗೋಡೆಯಿಂದ ಹತ್ತು ಸ್ಟೇಡಿಯ, ಅಂದ್ರೆ ಹೆಚ್ಚುಕಮ್ಮಿ ಎರಡು ಕಿ.ಮೀ. ಒಳಗೆ ಸುರಿಯದ ಹಾಗೆ ನೋಡ್ಕೋಬೇಕು. ರಸ್ತೆಗೆ ಚಾಚಿಕೊಂಡು ಯಾರೂ ಮನೆ ಕಟ್ಟಬಾರದು, ಮಾಳಿಗೆ ನೀರು ಬೀದಿಗೆ ಬೀಳಬಾರದು. ಬೀದೀಲಿ ಹೆಣ ಬಿದ್ದಿದ್ರೆ ಎತ್ತಿಸ್ಬೇಕು, ಅದಕ್ಕೆ ಸರ್ಕಾರಿ ಗುಲಾಮರಿರ್ತಾರೆ, ಮೇಡಂ ಹೇಳಿದ ಹಾಗೇ. ಆಮೇಲೆ ಔತಣಕ್ಕೆ ಕೊಳಲು, ತಂತಿವಾದ್ಯ ನುಡಿಸಕ್ಕೆ ಬರೋ ಹುಡುಗೀರಿಗೆ ಎರಡು ದ್ರಾಖ್ಮಾಗಿಂತ ಜಾಸ್ತಿ ಬಾಡಿಗೆ ಆಗದ ಹಾಗೆ ಕಾಯ್ಬೇಕು. ಒಬ್ಬಳಿಗೇ ಇಬ್ರು ಮೂವರು ಪೈಪೋಟಿಗೆ ಬಿದ್ರೆ ಏನು ಮಾಡ್ತಿದ್ರು ಗೊತ್ತಾ? ಅದಕ್ಕೂ ಚೀಟಿ ಎತ್ತೋರು.